ಹುದುಗು ಪೆಟ್ಟಿಗೆಯ ತಾಪಮಾನ ನಿಯಂತ್ರಕಕ್ಕೆ ರಿಲೇ ಬೋರ್ಡ್ ಜೋಡಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಒಂದು ಬಾಗಿಲಿನ ಫ್ರಿಜ್, ಅದರೊಳಗೆ ಚಿಕ್ಕದೊಂದು ಹೀಟರ್, ಹೊರಗೆ ಪ್ರೋಗ್ರಾಂ ಹಾಕಬಹುದಾದ ಆರ್ಡುಯಿನೋ ಅಥವಾ ಇಎಸ್‌ಪಿ ಬೋರ್ಡ್, ನಡುವೆ ಎರಡು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್) ಇರುವ ಬೋರ್ಡ್. ಮನೆಯಲ್ಲಿ ಬಿಯರ್ ಹುದುಗಿಸುವವರ ತಾಪಮಾನ ನಿಯಂತ್ರಕ ಸಾಮಾನ್ಯವಾಗಿ ಇಷ್ಟೇ. ಕೊಂಬುಚಾ (ಹುದುಗಿಸಿದ ಚಹಾ), ಶುಂಠಿ ಪಾನೀಯ, ಇಡ್ಲಿ ಹಿಟ್ಟಿಗೂ ಇದೇ ಪೆಟ್ಟಿಗೆ ಆಗುತ್ತದೆ. ಪ್ರೋಗ್ರಾಂ ತಪ್ಪಿದರೆ ಹುದುಗಿಗಿಟ್ಟದ್ದು ಕೆಡುತ್ತದೆ, ವೈರಿಂಗ್ ತಪ್ಪಿದರೆ ಜೀವಕ್ಕೇ ಕುತ್ತು. ಅದಕ್ಕೇ ಇಲ್ಲಿ ಹೆಚ್ಚಿನ ಮಾತು ವೈರಿಂಗ್ ಕುರಿತು. 230 ವೋಲ್ಟಿನ ಕೆಲಸ ಹಿಂದೆ ಮಾಡಿರದವರು 5 ವೋಲ್ಟಿನ ಭಾಗ ಮುಗಿಸಿಕೊಂಡು, ಉಳಿದದ್ದನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಿ.

ಕರ್ನಾಟಕದಲ್ಲಿ ಮನೆಯಲ್ಲೇ ಬಿಯರ್ ಮಾಡಬಹುದೇ?

ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಅಮೆರಿಕದಲ್ಲಿ 1978ರಲ್ಲಿ ಸಹಿಯಾದ ಕಾನೂನಿನಿಂದಾಗಿ ಮನೆಬಳಕೆಗೆ ವರ್ಷಕ್ಕೆ ಒಬ್ಬರಿಗೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಗೆ 200 ಗ್ಯಾಲನ್‌ವರೆಗೆ ಬಿಯರಿಗೆ ತೆರಿಗೆಯಿಲ್ಲ. ಬ್ರಿಟನ್ನಿನಲ್ಲಿ 1963ರಲ್ಲೇ ಲೈಸೆನ್ಸ್ ಬೇಕೆಂಬ ನಿಯಮ ಹೋಯಿತು. ಹಾಗಾಗಿ ಇಲ್ಲಿ ಬರುವ ಬಿಯರ್ ಲೆಕ್ಕ ಅಂಥ ಕಡೆ ನೆಲೆಸಿರುವ ಕನ್ನಡಿಗರಿಗೆ. ವೈರಿಂಗಿನ ಕ್ರಮ ಮಾತ್ರ ಎಲ್ಲರಿಗೂ ಒಂದೇ.

ಎಷ್ಟು ಡಿಗ್ರಿಗೆ ಇಡಬೇಕು?

ಬಿಯರಿನ ಬಗೆಗಳಲ್ಲಿ ಹೆಚ್ಚಿನ ಏಲ್ ಯೀಸ್ಟಿಗೆ 18ರಿಂದ 20 ಡಿಗ್ರಿ ಸೆಲ್ಸಿಯಸ್, ಲಾಗರಿಗೆ 10ರಿಂದ 12, ಕೊಂಬುಚಾಕ್ಕೆ 24ರಿಂದ 28, ಇಡ್ಲಿ ಹಿಟ್ಟಿಗೆ 28ರಿಂದ 32. ಬೆಂಗಳೂರಿನ ಡಿಸೆಂಬರ್ ಚಳಿಯಲ್ಲಿ ರಾತ್ರಿ ರುಬ್ಬಿಟ್ಟ ಹಿಟ್ಟು ಬೆಳಿಗ್ಗೆ ಉಕ್ಕದಿರುವುದು ಈ ಲೆಕ್ಕದಿಂದಲೇ. ಬಿಯರಿನ ವಿಷಯದಲ್ಲಿ ಒಂದು ಮಾತು ಹೆಚ್ಚಿಗೆ ನೆನಪಿರಲಿ. ಯೀಸ್ಟ್ ಜೋರಾಗಿ ಕೆಲಸ ಮಾಡುವಾಗ ತಾನೇ ಶಾಖ ಬಿಡುತ್ತದೆ, ಡಬ್ಬದೊಳಗಿನ ದ್ರವ ಸುತ್ತಲಿನ ಗಾಳಿಗಿಂತ 2ರಿಂದ 4 ಡಿಗ್ರಿ ಮೇಲಿರುತ್ತದೆ. ಮೊದಲ ಮೂರು ದಿನ ಬಿಸಿ ಏರಿಬಿಟ್ಟರೆ ಗಂಟಲು ಸುಡುವಂಥ ಘಾಟು ಬಂದು ಕೂರುತ್ತದೆ, ಆಮೇಲೆ ತಣ್ಣಗೆ ಮಾಡಿ ಪ್ರಯೋಜನವಿಲ್ಲ.

ಏನೇನು ಸಾಮಾನು ಬೇಕು?

ಕಂಟ್ರೋಲರ್ ಕಡೆಗೆ ಆರ್ಡುಯಿನೋ ಯುನೋ ಅಥವಾ ಇಎಸ್‌ಪಿ8266, ಆಪ್ಟೋಕಪ್ಲರ್ (ಬೆಳಕಿನ ಮೂಲಕ ಸಂಕೇತ ದಾಟಿಸುವ ಚಿಪ್) ಇರುವ 5 ವೋಲ್ಟಿನ ಎರಡು ಚಾನೆಲ್ ರಿಲೇ ಬೋರ್ಡ್, ಸ್ಟೀಲ್ ತುದಿಯ ಡಿಎಸ್18ಬಿ20 ತಾಪಮಾನ ಸೆನ್ಸರ್ ಎರಡು, 4.7 ಕಿಲೋಓಮ್ ರೆಸಿಸ್ಟರ್ ಒಂದು, ಒಳ್ಳೆಯ ಕಂಪನಿಯ 5 ವೋಲ್ಟ್ 2 ಆಂಪ್ ಅಡಾಪ್ಟರ್.

ಕರೆಂಟಿನ ಕಡೆಗೆ ಮೂರು ಪಿನ್ ಸಾಕೆಟ್ ಎರಡು, 1.5 ಸ್ಕ್ವೇರ್ ಎಂಎಂ ತಾಮ್ರದ ವೈರ್ (ಫೇಸ್, ನ್ಯೂಟ್ರಲ್, ಅರ್ತ್ ಮೂರು ಬಣ್ಣದ್ದೂ), 5 ಆಂಪ್ ಸ್ಲೋ ಬ್ಲೋ ಫ್ಯೂಸ್ ಮತ್ತು ಅದರ ಹೋಲ್ಡರ್, ಹೀಟರಿಗೆ ಬೇರೆಯದೇ 1 ಆಂಪ್ ಫ್ಯೂಸ್, ಕನೆಕ್ಟರ್ ಪಟ್ಟಿ, ವೈರ್ ತುದಿಗೆ ಫೆರೂಲ್, ಕೇಬಲ್ ಎಳೆದರೂ ಬಿಚ್ಚದಂತೆ ಹಿಡಿಯುವ ಗ್ಲ್ಯಾಂಡ್, ಮುಚ್ಚಳವಿರುವ ಗಟ್ಟಿ ಪ್ಲಾಸ್ಟಿಕ್ ಬಾಕ್ಸ್. ಮನೆಯ ಲೈನಿಗೆ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕೂಡಲೇ ಲೈನ್ ಕಡಿಯುವ ಸ್ವಿಚ್) ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ. ಎಂಸಿಬಿ ವೈರನ್ನು ಉಳಿಸುತ್ತದೆ, ಮನುಷ್ಯನನ್ನು ಉಳಿಸುವುದು ಆರ್‌ಸಿಸಿಬಿ. ನೆಲ ಒದ್ದೆಯಾಗುವ, ಡಬ್ಬ ತೊಳೆಯುವ ಜಾಗದಲ್ಲಿ ಈ ಪೆಟ್ಟಿಗೆ ಇರುತ್ತದಾದ್ದರಿಂದ ಇದರಲ್ಲಿ ಉಳಿತಾಯ ನೋಡಬೇಡಿ.

ಎಸ್‌ಟಿಸಿ-1000 ಎಂಬ ಸಿದ್ಧ ತಾಪಮಾನ ನಿಯಂತ್ರಕ ಕೊಂಡರೆ ರಿಲೇ ಬೋರ್ಡಿನ ರಗಳೆಯೇ ಇಲ್ಲವಲ್ಲ?

ಹೌದು. ಒಂದೇ ತಾಪಮಾನಕ್ಕೆ ಹಿಡಿದಿಟ್ಟರೆ ಸಾಕೆನ್ನುವವರು ಅದನ್ನೇ ಕೊಳ್ಳಲಿ. ಅದರೊಳಗೇ 10 ಆಂಪಿನ ರಿಲೇ ಎರಡಿವೆ. 1 ಮತ್ತು 2ನೇ ಟರ್ಮಿನಲ್‌ಗೆ ಕರೆಂಟ್, 3 ಮತ್ತು 4ಕ್ಕೆ ಸೆನ್ಸರ್, 5 ಮತ್ತು 6 ಹೀಟರಿಗೆ, 7 ಮತ್ತು 8 ಫ್ರಿಜ್ಜಿಗೆ. 5ರಿಂದ 8ರವರೆಗಿನವು ಬರೀ ಸ್ವಿಚ್, ಅಲ್ಲಿಂದ ತಾನಾಗಿ ಕರೆಂಟ್ ಬರುವುದಿಲ್ಲ. ಫೇಸ್ ವೈರನ್ನು ನೀವೇ ತಂದು ಕೊಡಬೇಕು. "ಲೈಟ್ ಉರಿಯುತ್ತದೆ, ಫ್ರಿಜ್ ಓಡುವುದಿಲ್ಲ" ಎನ್ನುವವರಲ್ಲಿ ಹೆಚ್ಚಿನವರು ತಪ್ಪುವುದು ಇಲ್ಲೇ. ಅದರ ಸೆಟ್ಟಿಂಗಿನಲ್ಲಿ ಎಫ್2 (ಗುರಿಯಿಂದ ಎಷ್ಟು ಸರಿದರೆ ಆನ್ ಆಗಬೇಕು) 0.5 ಡಿಗ್ರಿ, ಎಫ್3 (ಕಂಪ್ರೆಸರ್ ಕಾಯುವ ಹೊತ್ತು) 5 ನಿಮಿಷದಿಂದ ಶುರು ಮಾಡಿ. ಕೊಳ್ಳುವಾಗ 110 ವೋಲ್ಟಿನದೋ 220 ವೋಲ್ಟಿನದೋ ಅಂತ ನೋಡಿಕೊಳ್ಳಿ.

ದಿನಕ್ಕಿಷ್ಟು ಡಿಗ್ರಿ ಅಂತ ಏರಿಸಬೇಕು, ಗ್ರಾಫ್ ಬೇಕು, ಗಾಳಿಗೊಂದು ಡಬ್ಬಕ್ಕೊಂದು ಸೆನ್ಸರ್ ಬೇಕು ಅನ್ನುವವರಿಗೆ ಆರ್ಡುಯಿನೋ ದಾರಿ ಸರಿ.

ಯಾವ ಫ್ರಿಜ್ ಒಳ್ಳೆಯದು?

ತಿರುಗಿಸುವ ಗುಂಡಿಯ ಥರ್ಮೋಸ್ಟಾಟ್ ಇರುವ, ಒಂದು ಬಾಗಿಲಿನ ಡೈರೆಕ್ಟ್ ಕೂಲ್ ಫ್ರಿಜ್. ಗುಂಡಿಯನ್ನು ಅತಿ ತಂಪಿಗೆ ತಿರುಗಿಸಿಟ್ಟರೆ ಒಳಗಿನ ಥರ್ಮೋಸ್ಟಾಟ್ ಅಡ್ಡ ಬರುವುದಿಲ್ಲ, ಆನ್ ಆಫ್ ಎಲ್ಲ ನಿಮ್ಮ ರಿಲೇ ನೋಡಿಕೊಳ್ಳುತ್ತದೆ.

ಇನ್ವರ್ಟರ್ ಕಂಪ್ರೆಸರಿನ ಫ್ರಿಜ್ಜನ್ನು ಹೀಗೆ ಪ್ಲಗ್‌ನಲ್ಲೇ ಕರೆಂಟ್ ಕಡಿದು ಓಡಿಸಬೇಡಿ. ಅದರ ಎಲೆಕ್ಟ್ರಾನಿಕ್ ಬೋರ್ಡ್ ಪ್ರತಿ ಸಲ ಹೊಸದಾಗಿ ಶುರುವಾಗಿ, ತನ್ನದೇ ಲೆಕ್ಕದಲ್ಲಿ ಕಾದು, ಆಮೇಲೆ ಓಡುತ್ತದೆ. ದಿನಕ್ಕೆ ಹತ್ತಾರು ಸಲ ಕರೆಂಟ್ ಹೋಗಿ ಬರಲೆಂದು ಅದನ್ನು ಮಾಡಿಲ್ಲ. ಟೈಮರ್ ಇರುವ ಹಳೆಯ ಫ್ರಾಸ್ಟ್ ಫ್ರೀ ಫ್ರಿಜ್ಜಿನಲ್ಲಿ ಬೇರೆ ತೊಡಕು: ಆ ಟೈಮರ್ ಕರೆಂಟ್ ಇದ್ದಾಗ ಮಾತ್ರ ಮುಂದೆ ಸರಿಯುತ್ತದೆ. ತಂಪು ಬೇಕೆಂದು ರಿಲೇ ಆನ್ ಆದ ಹೊತ್ತಿಗೇ ಫ್ರಿಜ್ ಐಸ್ ಕರಗಿಸುವ ಸರದಿಯಲ್ಲಿದ್ದರೆ ಅರ್ಧ ಗಂಟೆ ತಂಪೇ ಆಗದೆ ಇರಬಹುದು. ಅದು ವೈರಿಂಗ್ ದೋಷವಲ್ಲ.

ರಿಲೇ ಮೇಲೆ 10 ಆಂಪ್, 250 ವೋಲ್ಟ್ ಅಂತ ಬರೆದಿದೆ. ನಂಬಬಹುದೇ?

ಹೀಟರಿಗೆ ನಂಬಬಹುದು, ಕಂಪ್ರೆಸರಿಗೆ ನಂಬಬಾರದು. ಆ 10 ಆಂಪ್ ಹೀಟರಿನಂಥ ನೇರ ಲೋಡಿನ ಲೆಕ್ಕ. 190 ಲೀಟರಿನ ಆಸುಪಾಸಿನ ಫ್ರಿಜ್ ಓಡುವಾಗ ಎಳೆಯುವುದು 1 ಆಂಪಿನ ಹತ್ತಿರ. ಆದರೆ ಕಂಪ್ರೆಸರ್ ಸ್ಟಾರ್ಟ್ ಆಗುವ ಅರೆಕ್ಷಣ ಅದರ 5ರಿಂದ 10 ಪಟ್ಟು ಎಳೆಯುತ್ತದೆ. ಕಾಂಟ್ಯಾಕ್ಟ್ ಮುಚ್ಚುವಾಗ ಒಂದೆರಡು ಸಲ ಪುಟಿಯುತ್ತದೆ, ಕಿಡಿ ಹಾರುವುದೂ ಆಗಲೇ. ಆಫ್ ಮಾಡುವಾಗ ಮೋಟರಿನ ಸುರುಳಿ ತನ್ನಲ್ಲಿ ಉಳಿದ ಶಕ್ತಿಯನ್ನು ಅದೇ ಕಾಂಟ್ಯಾಕ್ಟಿನ ಮೇಲೆ ಕಿಡಿಯಾಗಿ ಹೊರಹಾಕುತ್ತದೆ.

ಆಯಸ್ಸಿನ ಲೆಕ್ಕವನ್ನೂ ಹಾಕಿ ನೋಡಿ. ಈ ಬೋರ್ಡುಗಳಲ್ಲಿ ಬರುವ ನೀಲಿ ಸಾಂಗಲ್ ರಿಲೇಗೆ ಪೂರ್ತಿ ಲೋಡಿನಲ್ಲಿ ಸುಮಾರು ಒಂದು ಲಕ್ಷ ಸಲದ ಆಯಸ್ಸು. ಕಾಲು ಗಂಟೆಗೊಮ್ಮೆ ಫ್ರಿಜ್ ಆನ್ ಆದರೆ ದಿನಕ್ಕೆ 96, ವರ್ಷಕ್ಕೆ 35,000. ಅಂದರೆ ಮೂರು ವರ್ಷವೂ ಪೂರ್ತಿ ಬಾರದು, ಕಂಪ್ರೆಸರಿನ ಏಟಿಗೆ ಇನ್ನೂ ಬೇಗ. ಬೋರ್ಡಿನ ಅಡಿಯ ತಾಮ್ರದ ಪಟ್ಟಿಯೂ ಎಷ್ಟೋ ಅಗ್ಗದ ಬೋರ್ಡುಗಳಲ್ಲಿ 10 ಆಂಪ್ ತಾಳುವಷ್ಟು ಅಗಲ ಇರುವುದಿಲ್ಲ.

ಚಿಕ್ಕ ಫ್ರಿಜ್ಜಿಗೆ ಈ ಬೋರ್ಡ್ ನಡೆಯುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸುವ ವಸ್ತು ಅಂತಲೇ ಇಟ್ಟುಕೊಳ್ಳಿ. ದೊಡ್ಡ ಚೆಸ್ಟ್ ಫ್ರೀಜರ್ ಆದರೆ ಈ ರಿಲೇಯಿಂದ 230 ವೋಲ್ಟ್ ಕಾಯಿಲಿನ ಕಾಂಟ್ಯಾಕ್ಟರ್ (ಭಾರೀ ಲೋಡಿಗೆ ಮಾಡಿದ ದೊಡ್ಡ ರಿಲೇ) ಓಡಿಸಿ, ಕಂಪ್ರೆಸರನ್ನು ಕಾಂಟ್ಯಾಕ್ಟರಿಗೆ ಕೊಡಿ. ಆಗ ರಿಲೇ ಹೊರುವುದು ಕಾಯಿಲಿನ ಅಲ್ಪ ಕರೆಂಟ್ ಮಾತ್ರ.

5 ವೋಲ್ಟಿನ ಕಡೆ ಯಾವ ವೈರ್ ಎಲ್ಲಿಗೆ?

ಬೋರ್ಡಿನ ವಿಸಿಸಿ ಪಿನ್ನಿಗೆ 5 ವೋಲ್ಟ್, ಜಿಎನ್‌ಡಿಗೆ ಗ್ರೌಂಡ್, ಐಎನ್1 ಮತ್ತು ಐಎನ್2ಕ್ಕೆ ಆರ್ಡುಯಿನೋದ ಎರಡು ಪಿನ್. 5 ಮತ್ತು 6ನೇ ಪಿನ್ ಬಳಸಿ. 0 ಮತ್ತು 1 ಯುಎಸ್‌ಬಿ ಮಾತುಕತೆಗೆ ಮೀಸಲು. 13ನೇ ಪಿನ್ ಬೇಡವೇ ಬೇಡ, ಯುನೋ ಶುರುವಾಗುವಾಗ ಅಲ್ಲಿನ ಎಲ್‌ಇಡಿ ಮಿನುಗುತ್ತದೆ, ಅದರ ತಾಳಕ್ಕೆ ನಿಮ್ಮ ಕಂಪ್ರೆಸರೂ ಆನ್ ಆಫ್ ಆದೀತು.

ಒಂದು ರಿಲೇ ಕಾಯಿಲ್ ಸುಮಾರು 70 ಓಮ್, ಅಂದರೆ 5 ವೋಲ್ಟಿಗೆ 70 ಮಿಲಿಆಂಪ್ ಚಿಲ್ಲರೆ. ಎರಡೂ ಎಳೆದರೆ 150ರ ಹತ್ತಿರ. ಯುನೋಗೆ 12 ವೋಲ್ಟ್ ಅಡಾಪ್ಟರ್ ಹಾಕಿ, ಅದರ 5 ವೋಲ್ಟ್ ಪಿನ್ನಿಂದ ರಿಲೇಗೂ ಡಿಸ್‌ಪ್ಲೇಗೂ ಕೊಟ್ಟರೆ ಒಟ್ಟು 250 ಮಿಲಿಆಂಪ್ ಆದೀತು. ಆಗ ಯುನೋದ ರೆಗ್ಯುಲೇಟರ್ 7 ವೋಲ್ಟನ್ನು, ಅಂದರೆ 1.75 ವಾಟನ್ನು ಬರೀ ಬಿಸಿಯಾಗಿ ಕಳೆಯಬೇಕು. ಮುಟ್ಟಿದರೆ ಕೈ ಸುಡುವ ಮಟ್ಟ ಅದು, ಕೊನೆಗೆ ತಾನೇ ಕೈಕೊಡುತ್ತದೆ. 5 ವೋಲ್ಟ್ ಅಡಾಪ್ಟರಿನಿಂದ ರಿಲೇ ಬೋರ್ಡಿಗೆ ನೇರ ವೈರ್ ಎಳೆಯಿರಿ.

ಕಂಟ್ರೋಲರ್ ಆನ್ ಮಾಡಿದ ಕೂಡಲೇ ರಿಲೇ ತಾನಾಗಿ ಟಕ್ ಅನ್ನುತ್ತದೆ. ಯಾಕೆ?

ಈ ಬೋರ್ಡುಗಳಲ್ಲಿ ಹೆಚ್ಚಿನವು ತಿರುಗುಮುರುಗು: ಐಎನ್ ಪಿನ್ನನ್ನು ಗ್ರೌಂಡಿಗೆ ಎಳೆದರೆ ರಿಲೇ ಆನ್, 5 ವೋಲ್ಟ್ ಕೊಟ್ಟರೆ ಆಫ್. ಪ್ರೋಗ್ರಾಮಿನಲ್ಲಿ ಪಿನ್ನನ್ನು ಔಟ್‌ಪುಟ್ ಅಂತ ಘೋಷಿಸಿದ ಕ್ಷಣ ಅದು ಸೊನ್ನೆ ವೋಲ್ಟಿಗೆ ಬರುತ್ತದೆ, ರಿಲೇ ಎಳೆಯುತ್ತದೆ. ಯುನೋದಲ್ಲಿ ಪರಿಹಾರ ಎರಡು ಸಾಲಿನದು. ಮೊದಲು ಡಿಜಿಟಲ್‌ರೈಟ್‌ನಲ್ಲಿ ಪಿನ್ನಿಗೆ ಹೈ ಬರೆಯಿರಿ, ಅದಾದ ಮೇಲೆ ಪಿನ್‌ಮೋಡ್‌ನಲ್ಲಿ ಔಟ್‌ಪುಟ್ ಮಾಡಿ. ಸಾಲುಗಳ ಈ ಕ್ರಮ ಬದಲಾಗಬಾರದು.

ನಿಮ್ಮ ಬೋರ್ಡ್ ಯಾವ ಜಾತಿಯದು ಅಂತ ತಿಳಿಯಲು ಕರೆಂಟಿನ ವೈರ್ ಒಂದನ್ನೂ ಜೋಡಿಸದೆ, ವಿಸಿಸಿ ಮತ್ತು ಜಿಎನ್‌ಡಿಗೆ 5 ವೋಲ್ಟ್ ಕೊಟ್ಟು, ಐಎನ್1ರಿಂದ ಒಂದು ಜಂಪರ್ ವೈರನ್ನು ಗ್ರೌಂಡಿಗೆ ಮುಟ್ಟಿಸಿ. ಟಕ್ ಅಂದರೆ ತಿರುಗುಮುರುಗು ಜಾತಿ. ಕೆಲವು ಬೋರ್ಡುಗಳಲ್ಲಿ ಎಚ್, ಎಲ್ ಅಂತ ಗುರುತಿರುವ ಜಂಪರಿನಿಂದ ಇದನ್ನು ಬದಲಿಸಬಹುದು.

ಇಎಸ್‌ಪಿ8266 ಬಳಸಿದರೆ ರಿಲೇ ಆನ್ ಆಗುತ್ತದೆ, ಆಫ್ ಆಗುವುದಿಲ್ಲ.

ಇಎಸ್‌ಪಿಯ ಪಿನ್ ಕೊಡುವುದು 3.3 ವೋಲ್ಟ್. ಬೋರ್ಡಿನ ವಿಸಿಸಿಗೆ 5 ವೋಲ್ಟ್ ಕೊಟ್ಟಿದ್ದರೆ, ಪಿನ್ ಹೈ ಇದ್ದಾಗಲೂ ನಡುವೆ 1.7 ವೋಲ್ಟ್ ಉಳಿಯುತ್ತದೆ. ಕೆಲವು ಬೋರ್ಡುಗಳ ಆಪ್ಟೋಕಪ್ಲರ್ ಅಷ್ಟಕ್ಕೇ ಸಣ್ಣಗೆ ಉರಿದು ರಿಲೇಯನ್ನು ಹಿಡಿದಿಟ್ಟುಕೊಳ್ಳುತ್ತದೆ.

ಸುಲಭ ದಾರಿ ಎಂದರೆ ಜೆಡಿ-ವಿಸಿಸಿ ಜಂಪರ್ (ಮುಂದಿನ ಪ್ರಶ್ನೆ ನೋಡಿ) ತೆಗೆದು, ವಿಸಿಸಿಗೆ 3.3 ವೋಲ್ಟ್, ಜೆಡಿ-ವಿಸಿಸಿಗೆ 5 ವೋಲ್ಟ್ ಕೊಡುವುದು. ಕೆಲವು ಬೋರ್ಡುಗಳಲ್ಲಿ ಹೀಗೆ ಮಾಡಿದರೆ ಆಪ್ಟೋಕಪ್ಲರಿಗೆ ಸಾಕಷ್ಟು ಕರೆಂಟ್ ಸಿಗದೆ ರಿಲೇ ಅರೆಮನಸ್ಸಿನಿಂದ ಎಳೆಯುತ್ತದೆ, ಇಲ್ಲವೇ ಎಲ್‌ಇಡಿ ಮಾತ್ರ ಮಂಕಾಗಿ ಉರಿಯುತ್ತದೆ. ನಮ್ಮ ಒಲವು ಟ್ರಾನ್ಸಿಸ್ಟರ್ ಕಡೆಗೆ. BC547 ಟ್ರಾನ್ಸಿಸ್ಟರಿನ ಕಲೆಕ್ಟರ್ ಐಎನ್‌ಗೆ, ಎಮಿಟರ್ ಗ್ರೌಂಡಿಗೆ, ಬೇಸಿಗೆ ಇಎಸ್‌ಪಿ ಪಿನ್ನಿಂದ 1 ಕಿಲೋಓಮ್ ರೆಸಿಸ್ಟರ್ ಮೂಲಕ. ಬೋರ್ಡಿಗೆ 5 ವೋಲ್ಟೇ ಇರಲಿ, ಗ್ರೌಂಡ್ ಎರಡಕ್ಕೂ ಒಂದೇ ಆಗಿರಬೇಕು. ಈಗ ಪಿನ್ ಹೈ ಆದರೆ ರಿಲೇ ಆನ್, ಪ್ರೋಗ್ರಾಮಿನಲ್ಲಿ ತರ್ಕ ನೇರವಾಗುತ್ತದೆ.

ಪಿನ್ ಆರಿಸುವಾಗ ಡಿ1, ಡಿ2 ತೆಗೆದುಕೊಳ್ಳಿ. ಡಿ3, ಡಿ4, ಡಿ8 ಇಎಸ್‌ಪಿ ಶುರುವಾಗುವ ಬಗೆಯನ್ನೇ ನಿರ್ಧರಿಸುವ ಪಿನ್‌ಗಳು. ಅಲ್ಲಿ ರಿಲೇ ಹಾಕಿದರೆ ಒಮ್ಮೊಮ್ಮೆ ಬೋರ್ಡೇ ಏಳುವುದಿಲ್ಲ.

ಜೆಡಿ-ವಿಸಿಸಿ ಜಂಪರ್ ಯಾತಕ್ಕೆ?

ಕಾಯಿಲಿಗೆ ಹೋಗುವ ಕರೆಂಟನ್ನೂ ಆಪ್ಟೋಕಪ್ಲರಿನ ಕರೆಂಟನ್ನೂ ಬೇರೆ ಮಾಡಲು. ಜಂಪರ್ ಇದ್ದರೆ ಎರಡೂ ಒಂದೇ ಸಪ್ಲೈ, ಆಪ್ಟೋಕಪ್ಲರ್ ಇದ್ದೂ ಪ್ರತ್ಯೇಕತೆ ಇಲ್ಲ. ಪೂರ್ತಿ ಬೇರೆ ಮಾಡಬೇಕಿದ್ದರೆ ಜಂಪರ್ ತೆಗೆದು, ಜೆಡಿ-ವಿಸಿಸಿ ಮತ್ತು ಅದರ ಪಕ್ಕದ ಜಿಎನ್‌ಡಿಗೆ ಬೇರೆಯದೇ 5 ವೋಲ್ಟ್ ಅಡಾಪ್ಟರ್ ಕೊಡಿ. ಕಂಟ್ರೋಲರಿನಿಂದ ವಿಸಿಸಿ, ಐಎನ್1, ಐಎನ್2 ಈ ಮೂರು ವೈರ್ ಮಾತ್ರ. ಕಂಟ್ರೋಲರಿನ ಗ್ರೌಂಡನ್ನು ಬೋರ್ಡಿಗೆ ಜೋಡಿಸಿದರೆ ಪಟ್ಟ ಶ್ರಮವೆಲ್ಲ ವ್ಯರ್ಥ.

230 ವೋಲ್ಟಿನ ಕಡೆ ಹೇಗೆ ಜೋಡಿಸಬೇಕು?

ಪ್ಲಗ್ ಕಿತ್ತು ಪಕ್ಕದಲ್ಲಿ, ಕಣ್ಣಿಗೆ ಕಾಣುವಂತೆ ಇಟ್ಟುಕೊಂಡೇ ಕೆಲಸ ಶುರು ಮಾಡಿ. ಸ್ವಿಚ್ ಆಫ್ ಮಾಡಿದ್ದೇನೆ ಅನ್ನುವುದು ಸಾಲದು.

ಪ್ರತಿ ರಿಲೇಗೂ ಮೂರು ಸ್ಕ್ರೂ ಇವೆ: ನಡುವೆ ಕಾಮ್, ಒಂದು ಕಡೆ ಎನ್‌ಒ, ಇನ್ನೊಂದು ಕಡೆ ಎನ್‌ಸಿ. ರಿಲೇ ಆಫ್ ಇದ್ದಾಗ ಕಾಮ್ ಎನ್‌ಸಿಗೆ ಅಂಟಿರುತ್ತದೆ, ಆನ್ ಆದಾಗ ಎನ್‌ಒಗೆ ಹೋಗುತ್ತದೆ. ಬೋರ್ಡಿನ ಮೇಲಿನ ಬರಹ ನಂಬದೆ ಮಲ್ಟಿಮೀಟರಿನ ಬೀಪ್ ಇಟ್ಟು ಖಾತರಿ ಮಾಡಿಕೊಳ್ಳಿ.

ಸಾಮಾನ್ಯವಾಗಿ ಎರಡೂ ಕಾಮ್‌ಗೆ ಫೇಸ್ ಕೊಟ್ಟು, ಎರಡೂ ಎನ್‌ಒದಿಂದ ಸಾಕೆಟ್‌ಗಳಿಗೆ ಒಯ್ಯುತ್ತಾರೆ. ಅದು ಕೆಲಸ ಮಾಡುತ್ತದೆ. ಆದರೆ ಪ್ರೋಗ್ರಾಂ ಹದ ತಪ್ಪಿದ ದಿನ ಹೀಟರೂ ಫ್ರಿಜ್ಜೂ ಒಟ್ಟಿಗೆ ಓಡಬಹುದು. ಒಂದೇ ಒಂದು ವೈರ್ ಬೇರೆ ಕಡೆ ಹಾಕಿದರೆ ಅದಕ್ಕೆ ಆಸ್ಪದವೇ ಇರುವುದಿಲ್ಲ:

1. ಪ್ಲಗ್‌ನಿಂದ ಬಂದ ಫೇಸ್ ಮೊದಲು 5 ಆಂಪ್ ಫ್ಯೂಸಿಗೆ, ಅಲ್ಲಿಂದ ಮೊದಲ ರಿಲೇಯ ಕಾಮ್‌ಗೆ.
2. ಮೊದಲ ರಿಲೇಯ ಎನ್‌ಒದಿಂದ ಫ್ರಿಜ್ ಸಾಕೆಟಿನ ಫೇಸ್‌ಗೆ.
3. ಮೊದಲ ರಿಲೇಯ ಎನ್‌ಸಿಯಿಂದ ಎರಡನೇ ರಿಲೇಯ ಕಾಮ್‌ಗೆ.
4. ಎರಡನೇ ರಿಲೇಯ ಎನ್‌ಒದಿಂದ 1 ಆಂಪ್ ಫ್ಯೂಸ್ ಮೂಲಕ ಹೀಟರ್ ಸಾಕೆಟಿನ ಫೇಸ್‌ಗೆ.
5. ನ್ಯೂಟ್ರಲ್ ರಿಲೇ ಮುಟ್ಟದೆ ನೇರವಾಗಿ ಎರಡೂ ಸಾಕೆಟ್‌ಗೆ. ಅರ್ತ್ ಎರಡೂ ಸಾಕೆಟ್‌ಗೆ, ಲೋಹದ ಬಾಕ್ಸ್ ಆದರೆ ಅದಕ್ಕೂ.

ಹೀಗೆ ಮಾಡಿದಾಗ ಫ್ರಿಜ್ ಓಡುತ್ತಿರುವಷ್ಟು ಹೊತ್ತು ಹೀಟರಿಗೆ ಫೇಸ್ ತಲುಪುವುದೇ ಇಲ್ಲ. ಮೊದಲ ರಿಲೇಯ ಎನ್‌ಒ ಕಾಂಟ್ಯಾಕ್ಟ್ ಬೆಸೆದು ಅಂಟಿಕೊಂಡರೂ ಈ ಕಾವಲು ಉಳಿಯುತ್ತದೆ. ಪ್ರೋಗ್ರಾಮಿನಲ್ಲಿ ಎಷ್ಟೇ ಎಚ್ಚರ ವಹಿಸಿದ್ದರೂ ಈ ಜೋಡಣೆ ಬಿಡಬೇಡಿ ಅನ್ನುವುದು ನಮ್ಮ ಒತ್ತಾಯ.

ನ್ಯೂಟ್ರಲನ್ನು ರಿಲೇಯಲ್ಲಿ ಕಡಿಯಬಾರದು. ಕಡಿದರೆ ಫ್ರಿಜ್ ನಿಂತಿರುತ್ತದೆ, ಒಳಗೆಲ್ಲ ಫೇಸ್ ಹಾಗೇ ಇರುತ್ತದೆ. ನಿಂತಿದೆ ಅಂತ ಕೈ ಹಾಕಿದವರ ಗತಿ ಹೇಳಬೇಕಿಲ್ಲ. ನಮ್ಮ ಮನೆಗಳ ಮೂರು ಪಿನ್ ಸಾಕೆಟ್ಟನ್ನು ಎದುರಿನಿಂದ ನೋಡಿದಾಗ ಮೇಲೆ ಅರ್ತ್, ಬಲಕ್ಕೆ ಫೇಸ್, ಎಡಕ್ಕೆ ನ್ಯೂಟ್ರಲ್ ಇರಬೇಕು. ಹಳೆಯ ಮನೆಗಳಲ್ಲಿ ಅದಲುಬದಲಾಗಿರುವುದು ಅಪರೂಪವಲ್ಲ, ಟೆಸ್ಟರ್ ಹಾಕಿ ನೋಡಿ.

ಸ್ಕ್ರೂ ಕೆಳಗೆ ಹೋಗುವ ಎಳೆ ವೈರಿನ ತುದಿಗೆ ಫೆರೂಲ್ ಒತ್ತಿ. ಸೋಲ್ಡರ್ ಮೆತ್ತಿ ಗಟ್ಟಿ ಮಾಡುವ ಅಭ್ಯಾಸ ಬಿಡಿ. ಸೀಸ ಒತ್ತಡಕ್ಕೆ ನಿಧಾನವಾಗಿ ಹರಿದು ಸ್ಕ್ರೂ ಸಡಿಲವಾಗುತ್ತದೆ, ಸಡಿಲವಾದಲ್ಲಿ ಬಿಸಿ, ಬಿಸಿಯಾದಲ್ಲಿ ಕಪ್ಪು. ಬೋರ್ಡಿನಿಂದ ಸುಟ್ಟ ವಾಸನೆ ಬಂದರೆ ಮೊದಲು ನೋಡಬೇಕಾದದ್ದು ಈ ಸ್ಕ್ರೂಗಳನ್ನೇ.

ವೈರಿನ ಬಣ್ಣದಲ್ಲಿ ಗೊಂದಲವಾಗುತ್ತಿದೆ.

ಭಾರತದ ಮನೆ ವೈರಿಂಗಿನಲ್ಲಿ ಫೇಸ್ ಕೆಂಪು (ಮೂರು ಫೇಸ್ ಇದ್ದರೆ ಹಳದಿ, ನೀಲಿಯೂ ಫೇಸ್), ನ್ಯೂಟ್ರಲ್ ಕಪ್ಪು, ಅರ್ತ್ ಹಸಿರು. ಉಪಕರಣಗಳ ಜೊತೆ ಬರುವ ಬಳ್ಳಿ ವೈರಿನಲ್ಲಿ ಮತ್ತು ಯುರೋಪಿನಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಅರ್ತ್. ಅಮೆರಿಕದಲ್ಲಿ ಕಪ್ಪು ಫೇಸ್, ಬಿಳಿ ನ್ಯೂಟ್ರಲ್, ಹಸಿರು ಅರ್ತ್. ನಮ್ಮಲ್ಲಿ ನ್ಯೂಟ್ರಲ್ ಆದ ಕಪ್ಪು ಅಲ್ಲಿ ಫೇಸ್. ಊರಿನಲ್ಲಿ ವೈರಿಂಗ್ ಕಲಿತು ಅಮೆರಿಕಕ್ಕೆ ಹೋದವರು ಇದನ್ನು ಗೋಡೆಗೆ ಬರೆದು ಅಂಟಿಸಿಕೊಳ್ಳುವುದು ಒಳ್ಳೆಯದು. ಅಲ್ಲಿ 120 ವೋಲ್ಟ್ ಆದ್ದರಿಂದ ಅಷ್ಟೇ ವಾಟಿಗೆ ಹೆಚ್ಚುಕಡಿಮೆ ಎರಡು ಪಟ್ಟು ಆಂಪ್ ಹರಿಯುತ್ತದೆ ಅನ್ನುವುದೂ ಲೆಕ್ಕದಲ್ಲಿರಲಿ. ಇಲ್ಲಿ ಹೇಳಿದ ಫ್ಯೂಸ್, ವೈರ್ ಎಲ್ಲ 230 ವೋಲ್ಟಿನ ಲೆಕ್ಕದವು.

ಎಸ್‌ಎಸ್‌ಆರ್ (ಕಾಂಟ್ಯಾಕ್ಟ್ ಇಲ್ಲದ ಸಾಲಿಡ್ ಸ್ಟೇಟ್ ರಿಲೇ) ಹಾಕಿದರೆ ಕಿಡಿಯೂ ಇಲ್ಲ, ಸದ್ದೂ ಇಲ್ಲ. ಅದನ್ನೇ ಹಾಕಬಾರದೇ?

ಹೀಟರಿಗೆ ಹಾಕಬಹುದು. ಕಂಪ್ರೆಸರಿಗೆ ಬೇಡ ಅನ್ನುತ್ತೇವೆ. ಎಸ್‌ಎಸ್‌ಆರ್ ಕೆಟ್ಟಾಗ ಸಾಮಾನ್ಯವಾಗಿ ಆನ್ ಸ್ಥಿತಿಯಲ್ಲೇ ಕೆಡುತ್ತದೆ, ಪ್ರತಿ ಆಂಪಿಗೆ ಒಂದು ವಾಟಿಗೂ ಹೆಚ್ಚು ಬಿಸಿ ಬಿಡುತ್ತದೆ, ಆಫ್ ಇದ್ದಾಗಲೂ ಕೆಲವು ಮಿಲಿಆಂಪ್ ಸೋರುತ್ತದೆ. 25 ಆಂಪ್, 40 ಆಂಪ್ ಅಂತ ಅಚ್ಚು ಹಾಕಿದ ನಕಲಿ ಮಾಲು ಮಾರುಕಟ್ಟೆಯಲ್ಲಿ ಧಾರಾಳ. ಎಸ್‌ಎಸ್‌ಆರ್ ಆಫ್ ಇದ್ದಾಗ ಲೈನ್ ಪೂರ್ತಿ ಕಡಿದಿದೆ ಅಂತ ಎಂದೂ ಭಾವಿಸಬೇಡಿ.

ಕಂಪ್ರೆಸರ್ ಗುಂಯ್ ಅಂದು ಟಕ್ ಅಂತ ನಿಂತುಬಿಡುತ್ತದೆ.

ಆಫ್ ಆದ ಕೂಡಲೇ ಮತ್ತೆ ಆನ್ ಮಾಡುತ್ತಿದ್ದೀರಿ. ಕಂಪ್ರೆಸರ್ ನಿಂತಾಗ ಪೈಪಿನ ಒಂದು ಕಡೆ ಗ್ಯಾಸಿನ ಒತ್ತಡ ಹೆಚ್ಚು, ಇನ್ನೊಂದು ಕಡೆ ಕಡಿಮೆ. ಎರಡೂ ಸಮವಾಗಲು ಕೆಲವು ನಿಮಿಷ ಬೇಕು. ಅದಕ್ಕೆ ಮೊದಲು ಸ್ಟಾರ್ಟ್ ಮಾಡಿದರೆ ಮೋಟರ್ ತಿರುಗಲಾಗದೆ ಗುಂಯ್ ಅನ್ನುತ್ತದೆ, ಬಿಸಿಯಾಗುತ್ತದೆ, ಮೆಕ್ಯಾನಿಕ್‌ಗಳು ಓಎಲ್‌ಪಿ ಅನ್ನುವ ರಕ್ಷಕ ಬಿದ್ದು ಲೈನ್ ಕಡಿಯುತ್ತದೆ. ಹೀಗೇ ನಡೆದರೆ ಓಎಲ್‌ಪಿ, ಸ್ಟಾರ್ಟಿಂಗ್ ರಿಲೇ, ಕೊನೆಗೆ ಕಂಪ್ರೆಸರ್, ಇದೇ ಸರದಿಯಲ್ಲಿ ಹೋಗುತ್ತವೆ.

ಆಫ್ ಆದ ಮೇಲೆ ಕನಿಷ್ಠ 5 ನಿಮಿಷ ಕಾಯುವಂತೆ ಪ್ರೋಗ್ರಾಮಿನಲ್ಲಿ ಹಾಕಿ, ಆನ್ ಆದ ಮೇಲೂ ಕನಿಷ್ಠ 3 ನಿಮಿಷ ಓಡಲಿ. ಎಷ್ಟೋ ಪ್ರೋಗ್ರಾಮುಗಳಲ್ಲಿ ತಪ್ಪಿಹೋಗುವುದು ಮೊದಲ ಸಲದ ಕಾಯುವಿಕೆ. ಕರೆಂಟ್ ಹೋಗಿ ಅರೆ ನಿಮಿಷದಲ್ಲಿ ಬಂದರೆ ಆರ್ಡುಯಿನೋಗೆ ಹಿಂದಿನದು ಏನೂ ನೆನಪಿಲ್ಲ, ಕೂಡಲೇ ಫ್ರಿಜ್ ಆನ್ ಮಾಡುತ್ತದೆ. ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುವ ಊರಿನಲ್ಲಿ ಇದೊಂದರಿಂದಲೇ ಕಂಪ್ರೆಸರ್ ಹಾಳಾಗಬಹುದು. ಬೋರ್ಡ್ ಎದ್ದಾಗಲೆಲ್ಲ 5 ನಿಮಿಷ ಎರಡೂ ರಿಲೇ ಆಫ್ ಇರಲೇಬೇಕು.

ಫ್ರಿಜ್ ಆನ್ ಅಥವಾ ಆಫ್ ಆದಾಗ ಡಿಸ್‌ಪ್ಲೇಯಲ್ಲಿ ಚಿತ್ರವಿಚಿತ್ರ ಅಕ್ಷರ ಬರುತ್ತದೆ, ಕೆಲವು ಸಲ ಬೋರ್ಡೇ ರೀಸೆಟ್ ಆಗುತ್ತದೆ.

ಕಾಂಟ್ಯಾಕ್ಟಿನ ಕಿಡಿಯಿಂದ ಹೊರಡುವ ಗದ್ದಲ ಡಿಸ್‌ಪ್ಲೇ ವೈರಿಗೂ ಸಪ್ಲೈಗೂ ಹೊಕ್ಕಿದೆ. ಫ್ರಿಜ್ ಸಾಕೆಟಿನ ಫೇಸ್ ಮತ್ತು ನ್ಯೂಟ್ರಲ್ ನಡುವೆ ಕಿಡಿ ತಣಿಸುವ ಸ್ನಬ್ಬರ್ ಹಾಕಿ: 0.1 ಮೈಕ್ರೋಫ್ಯಾರಡಿನ ಎಕ್ಸ್2 ಕೆಪಾಸಿಟರ್, ಅದರ ಸರಣಿಯಲ್ಲಿ ಅರ್ಧ ವಾಟಿನ 100 ಓಮ್ ರೆಸಿಸ್ಟರ್. ಕೆಪಾಸಿಟರಿನ ಮೇಲೆ ಎಕ್ಸ್2 ಮತ್ತು 275 ವೋಲ್ಟ್ ಎಸಿ ಅಂತ ಬರೆದಿರಲೇಬೇಕು. ಸಾಮಾನ್ಯ ಕೆಪಾಸಿಟರ್ ಶಾರ್ಟ್ ಆಗಿ ಬೆಂಕಿ ಹಿಡಿಯಬಹುದು. ಇದೇ ಸ್ನಬ್ಬರನ್ನು ರಿಲೇ ಕಾಂಟ್ಯಾಕ್ಟಿನ ಎರಡು ತುದಿಗೂ ಹಾಕುವುದುಂಟು, ಆದರೆ ಆಗ ರಿಲೇ ಆಫ್ ಇದ್ದರೂ 7 ಮಿಲಿಆಂಪ್ ಹರಿಯುತ್ತಿರುತ್ತದೆ. ಹಾಗಾಗಿ ಲೋಡಿನ ಮೇಲೆ ಹಾಕುವುದೇ ಲೇಸು.

ಜೊತೆಗೆ ಸೆನ್ಸರ್ ವೈರನ್ನೂ ಕರೆಂಟ್ ವೈರನ್ನೂ ಒಂದೇ ಕಟ್ಟಿನಲ್ಲಿ ಕಟ್ಟಬೇಡಿ. ಎರಡೂ ದಾಟಲೇಬೇಕಾದಲ್ಲಿ ಅಡ್ಡಡ್ಡ ದಾಟಲಿ. ರಿಲೇಗೆ ಬೇರೆ ಅಡಾಪ್ಟರ್ ಕೊಟ್ಟು ಜಂಪರ್ ತೆಗೆದರೆ ಉಳಿದ ತೊಂದರೆಯೂ ಸಾಮಾನ್ಯವಾಗಿ ನಿಲ್ಲುತ್ತದೆ.

ಸೆನ್ಸರ್ ಒಮ್ಮೊಮ್ಮೆ 85 ಅಥವಾ ಮೈನಸ್ 127 ತೋರಿಸುತ್ತದೆ.

85 ಅಂದರೆ ಡಿಎಸ್18ಬಿ20 ಈಗಷ್ಟೇ ಎದ್ದಿದೆ, ಇನ್ನೂ ಅಳೆದಿಲ್ಲ. ಅಳೆಯಲು ಅದಕ್ಕೆ ಮುಕ್ಕಾಲು ಸೆಕೆಂಡ್ ಬೇಕು. ಓದುವ ಅವಸರ ಮಾಡಿದ್ದೀರಿ, ಇಲ್ಲವೇ ಸೆನ್ಸರಿಗೆ ಸಪ್ಲೈ ಕಡಿದು ಕಡಿದು ಬರುತ್ತಿದೆ. ಮೈನಸ್ 127 ಅಂದರೆ ಸೆನ್ಸರ್ ಸಿಕ್ಕೇ ಇಲ್ಲ: ವೈರ್ ಬಿಚ್ಚಿದೆ, ಅಥವಾ 4.7 ಕಿಲೋಓಮ್ ರೆಸಿಸ್ಟರ್ ಹಾಕಿಲ್ಲ. ಆ ರೆಸಿಸ್ಟರ್ ಡೇಟಾ ಮತ್ತು ಪ್ಲಸ್ ನಡುವೆ, ಎಷ್ಟು ಸೆನ್ಸರ್ ಇದ್ದರೂ ಒಂದೇ.

ಮೈನಸ್ 127 ಕಂಡ ಪ್ರೋಗ್ರಾಂ "ಭಾರೀ ಚಳಿ" ಅಂದುಕೊಂಡು ಹೀಟರ್ ಆನ್ ಮಾಡಿ ಕೂರಬಾರದು. 0ಗಿಂತ ಕೆಳಗೆ ಅಥವಾ 45ಕ್ಕಿಂತ ಮೇಲೆ ಯಾವ ಓದು ಬಂದರೂ ಎರಡೂ ರಿಲೇ ಆಫ್ ಮಾಡುವ ಸಾಲು ಬರೆಯಿರಿ.

ಸೆನ್ಸರ್ ಎಲ್ಲಿಡಬೇಕು?

ಡಬ್ಬದ ಹೊರಮೈಗೆ, ದ್ರವದ ಎತ್ತರದ ಅರ್ಧದಲ್ಲಿ ಒತ್ತಿ ಟೇಪ್ ಹಾಕಿ, ಮೇಲಿಂದ ಎರಡು ಬೆರಳು ದಪ್ಪದ ಫೋಮ್ ಮುಚ್ಚಿ. ಗಾಳಿಯಲ್ಲಿ ನೇತುಬಿಟ್ಟರೆ ಗಾಳಿ ಬೇಗ ಬಿಸಿಯಾಗಿ ಬೇಗ ತಂಪಾಗುತ್ತದೆ, ರಿಲೇ ಬಿಡುವಿಲ್ಲದೆ ಟಕಟಕ ಅನ್ನುತ್ತದೆ, ಒಳಗಿನ ದ್ರವದ ಸ್ಥಿತಿ ಮಾತ್ರ ತಿಳಿಯುವುದಿಲ್ಲ. ಹುದುಗಿನ ತಾಪಮಾನ ನೋಡಿಕೊಳ್ಳಲೆಂದೇ ಇರುವ ಬ್ರೂಪೈನಂಥ ವ್ಯವಸ್ಥೆಯಲ್ಲಿ ಡಬ್ಬಕ್ಕೊಂದು, ಫ್ರಿಜ್ಜಿನ ಗಾಳಿಗೊಂದು ಸೆನ್ಸರ್ ಇಡುತ್ತಾರೆ. ಡಬ್ಬ ಇನ್ನೂ ಬಿಸಿಯಿದ್ದರೂ ಗಾಳಿ ಸಾಕಷ್ಟು ತಣ್ಣಗಾದ ಕೂಡಲೇ ಕಂಪ್ರೆಸರ್ ನಿಲ್ಲಿಸಿ, ಗುರಿ ದಾಟಿ ಹೋಗದಂತೆ ತಡೆಯುತ್ತದೆ.

ಹೀಟರ್ ಎಷ್ಟು ವಾಟ್ ಇರಬೇಕು?

25ರಿಂದ 40 ವಾಟ್ ಸಾಕು. 20 ಲೀಟರ್ ದ್ರವವನ್ನು ಒಂದು ಡಿಗ್ರಿ ಏರಿಸಲು ಸುಮಾರು 84 ಕಿಲೋಜೂಲ್ ಬೇಕು. 40 ವಾಟಿನ ಬಿಸಿಯೆಲ್ಲ ಅದಕ್ಕೇ ಹೋದರೆ 35 ನಿಮಿಷ. ಇದಕ್ಕಿಂತ ಬೇಗ ಏರಿಸುವ ಅಗತ್ಯ ಹುದುಗಿಗೆ ಇಲ್ಲ. ಕೂದಲು ಒಣಗಿಸುವ ಯಂತ್ರ, ರೂಮ್ ಹೀಟರ್ ಇವುಗಳನ್ನು ಫ್ರಿಜ್ಜಿನೊಳಗೆ ಇಡಲೇಬಾರದು. ಫ್ರಿಜ್ಜಿನ ಒಳಗೋಡೆ ಪ್ಲಾಸ್ಟಿಕ್, ಅದರ ಹಿಂದೆ ಫೋಮ್, ಎರಡೂ ಉರಿಯುವಂಥವು.

ರಿಲೇ ಆನ್ ಸ್ಥಿತಿಯಲ್ಲಿ ಅಂಟಿಕೊಂಡರೆ ಕಂಟ್ರೋಲರ್ ಏನೂ ಮಾಡಲಾರದು. ಆದ್ದರಿಂದ ಹೀಟರಿನ ಫೇಸ್ ವೈರಿನ ದಾರಿಯಲ್ಲಿ, ಫ್ರಿಜ್ಜಿನ ಒಳಗೆ, ಸಾಮಾನ್ಯವಾಗಿ ಮುಚ್ಚಿರುವ ಬಗೆಯ ಕೆಎಸ್‌ಡಿ301 ಥರ್ಮೋಸ್ಟಾಟ್ ಒಂದನ್ನು ಹಾಕಿ. 45 ಅಥವಾ 50 ಡಿಗ್ರಿಯದು ಆಗಬಹುದು. ಅದರ ತೆರೆದ ತುದಿಗಳಿಗೆ ಹೀಟ್‌ಶ್ರಿಂಕ್ ತೊಡಿಸಿ. ಪ್ರೋಗ್ರಾಂ, ರಿಲೇ, ಸೆನ್ಸರ್ ಮೂರೂ ಕೈಕೊಟ್ಟ ರಾತ್ರಿ ಮನೆ ಕಾಯುವುದು ಈ ಅಗ್ಗದ ಗುಂಡಿ.

ಫ್ರಿಜ್ ಹಾಕುವ ಮೊದಲು ಹೇಗೆ ಪರೀಕ್ಷಿಸುವುದು?

ಕರೆಂಟ್ ಇಲ್ಲದೆ ಮೊದಲು. ಪ್ಲಗ್ಗಿನ ಫೇಸ್ ಪಿನ್ನಿಗೂ ನ್ಯೂಟ್ರಲ್ ಪಿನ್ನಿಗೂ, ಫೇಸ್‌ಗೂ ಅರ್ತ್‌ಗೂ ಬೀಪ್ ಬರಬಾರದು. ಅರ್ತ್ ಪಿನ್ನಿಂದ ಎರಡೂ ಸಾಕೆಟಿನ ಅರ್ತ್‌ಗೆ ಬೀಪ್ ಬರಲೇಬೇಕು. ಸ್ನಬ್ಬರ್ ಇದ್ದರೂ ಬೀಪ್ ಬರುವುದಿಲ್ಲ.

ಆಮೇಲೆ ಎಲೆಕ್ಟ್ರಿಷಿಯನ್‌ಗಳು ಬಳಸುವ ಸೀರೀಸ್ ಲ್ಯಾಂಪ್. ಫೇಸ್ ದಾರಿಯಲ್ಲಿ 100 ವಾಟಿನ ಹಳೆಯ ಬಗೆಯ ಬಲ್ಬ್ ಇಟ್ಟು ಬಾಕ್ಸಿಗೆ ಕರೆಂಟ್ ಕೊಡಿ. ಬಲ್ಬ್ ಪೂರ್ತಿ ಉರಿದರೆ ಒಳಗೆ ಶಾರ್ಟ್ ಇದೆ, ಉರಿಯದಿದ್ದರೆ ಮುಂದಿನ ಹೆಜ್ಜೆ ಇಡಬಹುದು. ಸೀರೀಸ್ ಲ್ಯಾಂಪ್ ತೆಗೆದು, ಎರಡೂ ಸಾಕೆಟಿಗೆ ಒಂದೊಂದು ಟೇಬಲ್ ಲ್ಯಾಂಪ್ ಹಾಕಿ. 5 ನಿಮಿಷದ ಕಾಯುವಿಕೆ ಮುಗಿದ ಮೇಲೆ ಸೆನ್ಸರನ್ನು ಉಗುರುಬೆಚ್ಚಗಿನ ನೀರಿನ ಲೋಟಕ್ಕೆ ಅದ್ದಿದರೆ ಫ್ರಿಜ್ ಕಡೆಯ ದೀಪ, ಫ್ರಿಜ್ಜಿನ ತಣ್ಣೀರಿಗೆ ಅದ್ದಿದರೆ ಹೀಟರ್ ಕಡೆಯ ದೀಪ ಹತ್ತಬೇಕು. ಎರಡೂ ರಿಲೇಗೆ ಒಟ್ಟಿಗೆ ಆನ್ ಆಜ್ಞೆ ಕೊಟ್ಟು ನೋಡಿ, ಫ್ರಿಜ್ ಕಡೆಯದೊಂದೇ ಉರಿಯಬೇಕು. ಸೆನ್ಸರಿನ ವೈರ್ ಕಿತ್ತಾಗ ಎರಡೂ ಆರಬೇಕು. ಇಷ್ಟೂ ಆದ ಮೇಲೆ ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿ ನೋಡಿ, ಆಮೇಲೆ ಫ್ರಿಜ್ ಹಾಕಿ.

ರಿಲೇ ಅಂಟಿಕೊಂಡಿದೆ ಅಂತ ಹೇಗೆ ಗೊತ್ತಾಗುತ್ತದೆ?

ಬೋರ್ಡಿನ ಎಲ್‌ಇಡಿ ಆರಿದೆ, ಟಕ್ ಸದ್ದಿಲ್ಲ, ಫ್ರಿಜ್ ಮಾತ್ರ ಓಡುತ್ತಲೇ ಇದೆ. ರಿಲೇ ಮೇಲೆ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದರೆ ಒಮ್ಮೊಮ್ಮೆ ಬಿಡುತ್ತದೆ. ಬಿಟ್ಟಿತಲ್ಲ ಅಂತ ಮುಂದುವರಿಸಬೇಡಿ, ಕಾಂಟ್ಯಾಕ್ಟಿನ ಮೈ ಒರಟಾಗಿರುತ್ತದೆ, ಮತ್ತೆ ಅಂಟುವುದು ಖಂಡಿತ. ಪ್ಲಗ್ ಕಿತ್ತು ಬೋರ್ಡ್ ಬದಲಿಸಿ.

ಬಾಕ್ಸನ್ನು ಫ್ರಿಜ್ಜಿನೊಳಗೇ ಇಟ್ಟರೆ ಚೆನ್ನಲ್ಲವೇ?

ಬೇಡ. ಬಾಗಿಲು ತೆರೆದಾಗಲೆಲ್ಲ ಒಳಗೆ ನೀರು ಹನಿಗಟ್ಟುತ್ತದೆ, ಬೋರ್ಡಿನ ಮೇಲೂ ಕಟ್ಟುತ್ತದೆ. ಬಾಕ್ಸ್ ಹೊರಗೆ, ಎದೆಮಟ್ಟದ ಗೋಡೆಯ ಮೇಲಿರಲಿ. ಸೆನ್ಸರ್ ಮತ್ತು ಹೀಟರ್ ವೈರನ್ನು ಬಾಗಿಲಿನ ರಬ್ಬರ್ ಪಟ್ಟಿಯ ಮೂಲಕ, ಹಿಂಜಿನ ಕಡೆಯಿಂದ ಒಳಗೆ ಬಿಡಿ. ಫ್ರಿಜ್ಜಿನ ಪಕ್ಕದ ಗೋಡೆಗೆ ತೂತು ಕೊರೆಯಬೇಡಿ, ಎಷ್ಟೋ ಮಾಡೆಲ್‌ಗಳಲ್ಲಿ ಅಲ್ಲೇ ಗ್ಯಾಸ್ ಪೈಪ್ ಹೋಗಿರುತ್ತದೆ. ಈಗಿನ ಹಲವು ಫ್ರಿಜ್‌ಗಳಲ್ಲಿರುವ ಆರ್600ಎ ಹೊತ್ತಿ ಉರಿಯುವ ಗ್ಯಾಸ್.

ಬಾಕ್ಸಿನೊಳಗೆ ಬೋರ್ಡನ್ನು ನೈಲಾನ್ ಕಾಲುಗಳ ಮೇಲೆ ಎತ್ತರಿಸಿ ಕೂರಿಸಿ. ಅದರ ಅಡಿಯ ಸೋಲ್ಡರ್ ಮೊನೆಗಳಲ್ಲಿ 230 ವೋಲ್ಟ್ ಇರುತ್ತದೆ. ಕೇಬಲ್ ತೂತುಗಳನ್ನೆಲ್ಲ ಗ್ಲ್ಯಾಂಡ್ ಹಾಕಿ ಮುಚ್ಚಿ. ತೆರೆದ ತೂತಿನಿಂದ ಇರುವೆ ಹೊಕ್ಕು ರಿಲೇ ಟರ್ಮಿನಲ್ ನಡುವೆ ಗೂಡು ಕಟ್ಟುತ್ತವೆ, ಹಲ್ಲಿ ಮೊಟ್ಟೆ ಇಡುತ್ತದೆ. ಮಳೆಗಾಲ ಶುರುವಾಗುವ ಮೊದಲೊಮ್ಮೆ ಪ್ಲಗ್ ಕಿತ್ತು, ಮುಚ್ಚಳ ತೆಗೆದು, ಬ್ರಷ್ಷಿನಿಂದ ಧೂಳು ಹೊಡೆದು, ಪ್ರತಿ ಸ್ಕ್ರೂವನ್ನೂ ಕಾಲು ಸುತ್ತು ಬಿಗಿಯಾಗುತ್ತದೋ ಅಂತ ನೋಡಿ.